ಬಿಸಿಯಾದರೆ ನಡುಗುವ ಬೆಮೊ

ಇದನ್ನು ಮೊದಲು ಹೇಳಿದವರು ಕ್ಲುಂಗ್‌ಕುಂಗ್ ಪೇಟೆಯ ಮೆಕ್ಯಾನಿಕ್ ನಿ ಮಾದೆ ರಿಂತೆನ್. ಹೇಳಿದ್ದು, ಬೆಮೊ ಎನ್ನುವ ನೀಲಿ ಪುಟ್ಟ ಬಾಡಿಗೆ ವ್ಯಾನುಗಳು ಸಂತೆಯ ಹೆಂಗಸರನ್ನು ತುಂಬಿಕೊಂಡು ಬೆಸಾಕಿ ಗುಡ್ಡ ಹತ್ತುತ್ತಿದ್ದ ಕಾಲದಲ್ಲಿ, ಕಬ್ಬಿಣಕ್ಕೆ, ಗಾಡಿಗಳಿಗೆ ಪೂಜೆ ಸಲ್ಲುವ ತುಂಪೆಕ್ ಲಂಡೆಪ್ ಹಬ್ಬ ಕಳೆದು ಎರಡು ತಿಂಗಳಾದ ಮೇಲೆ. ಆ ಮಧ್ಯಾಹ್ನ ಅವರ ಮನಸ್ಸು ಓಡಿದ ದಾರಿಯಲ್ಲೇ ಇಲ್ಲಿ ಬರೆದಿದೆ.

ಮತ್ತೆ ನಡುಗುತ್ತಿದೆ, ಸೀಟನ್ನು ಎತ್ತಿ ಒರಗಿಸಿದ ಕೂಡಲೇ ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ರಾಚುತ್ತದೆ, ಸೀಟಿನಡಿಯ ಇಂಜಿನ್ನು ಜ್ವರ ಬಂದವನ ಹಲ್ಲಿನಂತೆ ಕಟಕಟ ಎನ್ನುತ್ತ, ಇನ್ನೇನು ನಿಂತೇಹೋಯಿತು ಎನ್ನುವಷ್ಟರಲ್ಲಿ ಮತ್ತೆ ಉಸಿರು ಎಳೆದುಕೊಂಡು — ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು, ಬೆಳಿಗ್ಗೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ, ನಾನು ಮೂರು ಸಲ ಮೋಸಹೋದದ್ದೂ ಅದರಿಂದಲೇ, ಪ್ಲಗ್ಗು ಬದಲಿಸಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಕಿಡಿ ಕೊಡುವ ಪಾಯಿಂಟು ಉಜ್ಜಿದೆ, ಮೂರು ಸಲವೂ ತಂಪು ಹೊತ್ತಿನಲ್ಲಿ ಚಾಲೂ ಮಾಡಿ ತೋರಿಸಿ ಕಳಿಸಿದೆ, ಮೂರು ಸಲವೂ ಈ ಬೆಮೊದ ಒಡೆಯ ಗೆರೆದೆಗ್ ಅಣ್ಣ ಗುಡ್ಡ ಹತ್ತಿ ಇಳಿದು ತಿರುಗಿ ಬಂದ, ಎರಡನೆಯ ಸಲ ತಿರುಗಿ ಬಂದಾಗ ಎದುರಿನ ಕಾಫಿ ಅಂಗಡಿಯ ಬೆಂಚಿನವರಿಗೆಲ್ಲ ಕೇಳುವಂತೆ, ರಿಂತೆನ್, ನಿನ್ನ ಕೈಗೆ ಎಳೇ ತೆಂಗಿನ ಗರಿನೇ ಸರಿ ಕಣೆ, ಕೂತ್ಕೊಂಡು ನೈವೇದ್ಯದ ತಟ್ಟೆ ಹೆಣಿ, ಗಾಡಿ ಗಂಡಸ್ರಿಗೆ ಬಿಡು — ನಾನಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೇ, ಇಲ್ಲ, ಅಷ್ಟೂ ಚಾಲಕರ ಎದುರು ಅಂದುಬಿಟ್ಟೆ, ಇನ್ನೊಂದ್ಸಲ ಬಿಸಿಯಾಗಿ ನಡುಗಿದ್ರೆ ಅಪ್ಪನ ಸ್ಪ್ಯಾನರೆಲ್ಲ ನೀವು ಹೇಳಿದೋರ ಕೈಗೆ ಕೊಟ್ಟು ಶೆಡ್ಡಿಗೆ ಬಾಗಿಲು ಹಾಕ್ತೀನಿ. ಇಂದು ನಡುಗುತ್ತಿದೆ. ಗೋಡೆಯ ಮೇಲೆ ಸ್ಪ್ಯಾನರುಗಳು ಚಿಕ್ಕದರಿಂದ ದೊಡ್ಡದಕ್ಕೆ ತೂಗುತ್ತಿವೆ, ಅಪ್ಪ ನೇತುಹಾಕಿದ ಕ್ರಮದಲ್ಲೇ, ಅತ್ತ ನೋಡಬಾರದು. ಗೆರೆದೆಗ್ ಅಣ್ಣ ಗುಜರಿಯವನನ್ನೂ ಜೊತೆಗೇ ಕರೆತಂದಿದ್ದಾನೆ, ಮದುರಾ ದ್ವೀಪದ ಮತ್‌ಸಾಲೆ, ತೂಕದ ಕೊಕ್ಕೆಯನ್ನು ಹೆಗಲಿಗೆ ಹಾಕಿಕೊಂಡು ಬಹಳ ವಿನಯದಿಂದ ಕೇಳುತ್ತಾನೆ, ಅಕ್ಕಾ, ಹಿಂಗೇ ಎಳ್ಕೊಂಡ್ ಹೋಗ್ಲಾ, ಇಲ್ಲಾ ಬಿಚ್ಚಿ ಕೊಡ್ತೀಯಾ. ಒಂದು ಲೋಟ ಕಾಫಿ ಕುಡಿಯೋ ಹೊತ್ತು ಕೊಡಪ್ಪ ಎಂದೆ, ದೊಡ್ಡ ಲೋಟಾನೇ ಕೊಡ್ರೋ ಅವನಿಗೆ, ಅಕ್ಕಂಗೆ ಟೈಮ್ ಬೇಕು ಎಂದು ಬೆಂಚಿನಿಂದ ಒಬ್ಬ, ಉಳಿದವರ ನಗು, ನಗಲಿ.

ತಣ್ಣಗಿದ್ದಾಗ ಚೆನ್ನ, ಬಿಸಿಯಾದಾಗ ಕೆಡುಕು — ತಣ್ಣಗಿದ್ದಾಗ ಚೋಕ್ ಎಳೆದಿರುತ್ತೇವೆ, ಪೆಟ್ರೋಲು ಧಾರಾಳ, ಹಬ್ಬದಡುಗೆಯ ಮನೆಗೆ ಕರೆಯದ ನೆಂಟನೊಬ್ಬ ಬಂದು ಉಂಡರೂ ಯಾರಿಗೂ ತಿಳಿಯುವುದಿಲ್ಲ, ಬಿಸಿಯಾದ ಮೇಲೆ ಅಳತೆಯ ಊಟ, ಆಗ ಕದ್ದು ನುಗ್ಗಿದ ಒಂದೇ ಗುಟುಕು ಗಾಳಿಗೂ ಮನೆಯೆಲ್ಲ ಉಪವಾಸ. ವೇಗ ಕೊಟ್ಟರೆ ಸರಿಹೋಗುತ್ತದೆ, ನಿಂತಲ್ಲಿ ಮಾತ್ರ ನಡುಕ, ಹಾಗಾದರೆ ಗಾಳಿಯೇ, ಎಲ್ಲಿಂದಲೋ ಗಾಳಿ, ಆದರೆ ರಬ್ಬರ್ ಪೈಪುಗಳನ್ನೆಲ್ಲ ನೋಡಿದ್ದೇನೆ, ಮೇಲೆ ಒಂದು ಬಿರುಕಿಲ್ಲ, ಅಪ್ಪನ ದನಿ ಎಲ್ಲಿಂದ ಬಂತು, ಇಂಜಿನ್ ಸುಳ್ಳು ಹೇಳಲ್ಲ ಮಗಾ, ನಾವು ಕೇಳೋ ಹೊತ್ತು ತಪ್ಪಿರತ್ತೆ ಅಷ್ಟೆ. ಹೊತ್ತು. ಅಣ್ಣಾ, ಇದು ಯಾವತ್ತಿಂದ ಶುರುವಾಯ್ತು, ಮೂರು ಸಲವೂ ನಾನು ಕೇಳದೆ ಬಿಟ್ಟ ಮಾತು ಅದೊಂದೇ, ಯಾವತ್ತು ಅಂದ್ರೆ, ಎಂದು ಗೆರೆದೆಗ್ ಅಣ್ಣ ತಲೆ ಕೆರೆದ, ತುಂಪೆಕ್ ಲಂಡೆಪ್ ಆದ ಮಾರನೇ ದಿನದಿಂದ ಅನ್ಸತ್ತೆ, ನೋಡು, ಕಬ್ಬಿಣದ ದೇವರಿಗೆ ಅಷ್ಟು ಪೂಜೆ ಮಾಡಿದ್ರೂ — ಪೂಜೆ ಎಲ್ಲಿ ಮಾಡಿದೆ ಅಣ್ಣ, ಗಾಜಿನ ಮುಂದೆ ತಾನೆ, ಎಂದೆ, ಗಾಜಿಗ್ಯಾಕೆ ಪೂಜೆ, ಎಂದ ಅವನು, ಗಾಜೇನು ಓಡತ್ತಾ, ಸೀಟು ಎತ್ತಿ ಇಂಜಿನ್ ಮೇಲೇ ಇಟ್ಟೆ, ಹೂವು, ಅಕ್ಕಿ, ಊದಿನಕಡ್ಡಿ ಎಲ್ಲಾ. ಊದಿನಕಡ್ಡಿ. ಕೆಂಡ. ರಬ್ಬರು. ಏಳೇ ಏಳೇ ಎನ್ನುತ್ತದೆ ಒಳಗಿನಿಂದ, ಆ ಕಡ್ಡಿ ಉರುಳಿ ಬಿತ್ತಾ ಅಣ್ಣ, ಬಿದ್ದಿರಬೋದು, ನಾನು ಕಣ್ಮುಚ್ಚಿ ಕೈ ಮುಗೀತಿದ್ದೆ, ಏನೇ, ದೇವರ ಕಡ್ಡಿ ಮೇಲೆ ತಪ್ಪು ಹೊರಿಸ್ತೀಯಾ. ಬೆಂಚಿನವರ ಕತ್ತುಗಳೆಲ್ಲ ಇತ್ತ ತಿರುಗಿದವು, ಈ ಮಾತಿನಲ್ಲಿ ಎಡವಿದರೆ ಸ್ಪ್ಯಾನರುಗಳ ಜೊತೆಗೆ ಊರೂ ಹೋಗುತ್ತದೆ, ದೇವರ ಮೇಲಲ್ಲ ಅಣ್ಣ, ಕಡ್ಡಿ ಇಟ್ಟ ಕೈಯ ಮೇಲೆ, ಎಂದೆ, ಮತ್‌ಸಾಲೆ ಮೊದಲು ನಕ್ಕ.

ಕಾಫಿ ಅಂಗಡಿಯ ದೇವರ ಗೂಡಿನಲ್ಲಿ ಅರ್ಧ ಉರಿದು ಹೊಗೆಯಾಡುತ್ತಿದ್ದ ಕಡ್ಡಿಗೆ ಕೈಮುಗಿದು ತೆಗೆದುಕೊಂಡೆ, ಪೆಟ್ರೋಲ್ ಪೈಪಿನ ಕಡೆಗೆ ಒದ್ದೆ ಗೋಣಿ ಹೊದಿಸಿದೆ, ನಡುಗುವ ಇಂಜಿನ್ನಿನ ಪಕ್ಕಕ್ಕೆ ಕಡ್ಡಿಯನ್ನು ಇಳಿಸುತ್ತಿದ್ದೇನೆ, ಹೊಗೆ ನೆಟ್ಟಗೆ ಏಳುತ್ತಿದೆ, ಕಾರ್ಬ್ಯುರೇಟರಿನ ಬುಡದಲ್ಲಿ ನೆಟ್ಟಗೆ, ಮೊದಲ ಪೈಪಿನ ಬಳಿ ನೆಟ್ಟಗೆ, ಇಂಜಿನ್ನಿನ ಎಳೆತವನ್ನು ಬ್ರೇಕಿಗೆ ಒಯ್ಯುವ ದಪ್ಪ ಪೈಪಿನ ಹೊಟ್ಟೆಯ ಕೆಳಗೆ, ಯಾವ ಕಣ್ಣೂ ಬೀಳದ ಜಾಗದಲ್ಲಿ, ಹೊಗೆ ಒಂದು ಕ್ಷಣ ನಿಂತು, ಕತ್ತು ಬಗ್ಗಿಸಿ, ಒಳಗೆ ಹೋಯಿತು. ಬೆರಳು ಒತ್ತಿದೆ, ಬೆರಳ ತುದಿ ಸುಟ್ಟಿತು, ಇಂಜಿನ್ನು ಸುಮ್ಮನಾಯಿತು, ಬೆರಳು ತೆಗೆದೆ, ನಡುಗಿತು, ಒತ್ತಿದೆ, ಸುಮ್ಮನಾಯಿತು, ಇನ್ನೊಮ್ಮೆ ತೆಗೆದೆ, ಬೇಕೆಂದೇ, ಬೆಂಚಿನವರು ಎದ್ದು ಬಂದು ನೋಡಲಿ ಎಂದೇ — ಎಳ್ಳುಕಾಳಿನಷ್ಟು ತೂತು, ತಣ್ಣಗಿದ್ದಾಗ ಬಿಗಿದುಕೊಂಡಿದ್ದು ರಬ್ಬರು ಮೆದುವಾದಾಗ ಬಾಯಿ ತೆರೆಯುತ್ತಿದ್ದ ತೂತು, ಉರುಳಿ ಅಡಿಗೆ ಸಿಕ್ಕಿಕೊಂಡ ಕಡ್ಡಿ ಸುಟ್ಟ ಕರಿಗುರುತು ಸುತ್ತ ಇನ್ನೂ ಇತ್ತು. ಹೊಸ ಪೈಪು ಹಾಕಿ ಬಿಗಿದೆ, ಆದರೆ ಈ ಸಲ ಇಲ್ಲಿಯೇ ತೋರಿಸಿ ಕಳಿಸುವುದಿಲ್ಲ, ಹತ್ತ್ರಪ್ಪ ಎಲ್ಲಾರೂ, ಮತ್‌ಸಾಲೆ, ನೀನೂ ಹತ್ತು, ನಿನ್ನ ಕೊಕ್ಕೆಯ ಭಾರಾನೂ ಬೇಕು. ಹನ್ನೊಂದು ಜನ, ಗುಡ್ಡದ ಅರ್ಧ, ಎರಡನೇ ಗೇರಿನಲ್ಲಿ ಒದರುತ್ತ ಹತ್ತಿ, ಇಳಿದು, ಉರಿಬಿಸಿಲಿನಲ್ಲಿ ಶೆಡ್ಡಿನ ಮುಂದೆ ನಿಲ್ಲಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ನಡುಗಲಿಲ್ಲ. ಉಂಡು ಮಲಗಿದ ಬೆಕ್ಕಿನ ಹಾಗೆ ಗುರುಗುರು, ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದಾರೆ, ಗೆರೆದೆಗ್ ಅಣ್ಣ ಬೆಮೊದ ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದಾನೆ, ಆಮೇಲೆ ನನ್ನ ಮುಖ ನೋಡದೆ, ನಾಳೆ ನಮ್ಮ ಭಾವನ ಗಾಡೀನೂ ತರ್ತೀನಿ, ಅವಂದು ಬೆಳಿಗ್ಗೆನೇ ನಡುಗತ್ತೆ, ಎಂದ, ನಾನು ಆಗಲಿ ಎಂದೆ, ಅಷ್ಟೇ ಎಂದೆ, ಒಳಗೆ ಮಾತ್ರ ನೂರು ಕಂಚಿನ ತಾಳಗಳು ಒಟ್ಟಿಗೆ. ಈ ಊರು ನನಗೆ ಗುಜರಿ ಕೊಡೋ ಹಾಗೆ ಕಾಣ್ಸಲ್ಲ ಎನ್ನುತ್ತ ಮತ್‌ಸಾಲೆ ಕೊಕ್ಕೆ ಎತ್ತಿಕೊಂಡ, ಇಂಜಿನ್ನನ್ನು ಕೇಳುತ್ತ ನಿಂತವರು ಒಬ್ಬೊಬ್ಬರಾಗಿ ಸರೋಂಗಿನ ಧೂಳು ಕೊಡವಿಕೊಂಡು ಮನೆಗೆ ಹೊರಟರು, ನಾನೂ ಹೋಗಬೇಕು, ಕೈ ತೊಳೆಯಬೇಕು, ಅನ್ನಕ್ಕಿಡಬೇಕು, ಆದರೆ ಆ ಹೊಗೆ ಇನ್ನೂ ಕಣ್ಣ ಮುಂದೆ, ನೆಟ್ಟಗೆ ಏಳುತ್ತಿದ್ದದ್ದು, ಒಂದು ಕ್ಷಣ ನಿಂತು, ಕತ್ತು ಬಗ್ಗಿಸಿ —