ಒಂದು ಅಕ್ಕಿಕಾಳಿನಷ್ಟು ಹೆಚ್ಚು

ಮೂಗು ಅಂದ್ರೆ ಇದು ಮೂಗು ಅಕ್ಕೋರೆ, ಗುಡಿ ಒಳಗಿನ ಅಮ್ಮನಿಗೆ ಇದ್ದಂಗದೆ, ಎನ್ನುತ್ತಾಳೆ ಬಂಗಾರಿ, ಬಸಳೆ ಬುಟ್ಟಿಯನ್ನು ಮೊಣಕಾಲ ನಡುವೆ ಒತ್ತಿಕೊಂಡು, ಕುತ್ತಿಗೆ ತುಂಬ ಮಣಿಸರ, ಗಾಳಿಗೆ ವಸಂತಿ ಮೂಗಿಗೆ ಮುಚ್ಚಿಕೊಂಡ ಸೆರಗು ಒಂದಿಷ್ಟು ಸರಿದದ್ದೇ ತಡ ಇವಳ ಕಣ್ಣು ಅಲ್ಲಿಗೇ ಹೋಯಿತು, ಅಷ್ಟು ಚಂದದ್ದನ್ನ ಮುಚ್ಕಂಡು ಕೂತದ್ದು ಎಂತಕ್ಕೆ, ಯಾರಾದ್ರೂ ಕದ್ಕಂಡು ಹೋಗ್ತ್ರಾ? ಲಾಂಚು ಹೊಳೆಯ ಕಾಸರಕೋಡು ಬದಿ ಬಿಟ್ಟು ಇನ್ನೂ ಐದು ನಿಮಿಷ ಆಗಿಲ್ಲ, ಹೊನ್ನಾವರದ ಧಕ್ಕೆ ಆಚೆ ಗೆರೆಯ ಹಾಗೆ ಕಾಣುತ್ತದೆ, ವಸಂತಿ ನಗುತ್ತಾಳೆ, ನಕ್ಕಾಗ ಮೂಗಿನ ತುದಿಯ ಚರ್ಮ ಬಿಗಿಯುತ್ತದೆ, ಕೆಂಪಿನ ನಡುವೆ ಆ ಬಿಳಿ ಚುಕ್ಕೆ — ಪಕ್ಕದಲ್ಲಿ ಕೂತ ಸೋದರಮಾವ ಲಿಂಗಪ್ಪ ಮುಖ ತಿರುಗಿಸಿ ನೀರು ನೋಡುತ್ತಾನೆ, ದಂತ ಅದು, ತನ್ನ ಕೈಯೇ ಕೊರೆದ ದಂತ, ತೆಳ್ಳಗಾದ ಚರ್ಮದ ಒಳಗಿಂದ ಇಣುಕುತ್ತಿದೆ, ಇವತ್ತು ಡಾಕ್ಟರು ಅದನ್ನು ತೆಗೆಯುತ್ತಾರೆ, ಭಟ್ಕಳದಿಂದ ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಅವಳೇ ಇವನಿಗೆ ಸಮಾಧಾನ ಹೇಳಿದಳಲ್ಲ, ನಿಮ್ಮ ಕೆಲಸಕ್ಕೆ ಯಾರು ಹೆಸರಿಡ್ತ್ರು ಮಾವ, ಕೆಟ್ಟದ್ದು ನನ್ನ ಮೈ, ಎಂತದೂ ಒಗ್ಗೂದಿಲ್ಲ ಇದಕ್ಕೆ, ಇದನ್ನ ತೆಗೆಸಿದ ಮೇಲೆ ಆತು, ಇನ್ನು ಎಲುಬೂ ಬೇಡ, ಮಣ್ಣೂ ಬೇಡ.

ಎಲುಬು ಬೇಡ ಅಂತಾಳೆ, ಬೇಕಾದದ್ದೇ ಅದು, ಹೋದ ವರ್ಷ ಡಾಕ್ಟರು ಮೊದಲು ಹೇಳಿದ್ದೂ ಅದನ್ನೇ, ಬೊಂಬಾಯಿಯಿಂದ ಹೊನ್ನಾವರದ ಆಸ್ಪತ್ರೆಗೆ ವರ್ಷಕ್ಕೆರಡು ಸಲ ಬರುವ ಮನುಷ್ಯ, ಕುಮಟೆಯ ಇವನ ಅಂಗಡಿಯಲ್ಲಿ ಗಂಧದ ಪೆಟ್ಟಿಗೆಗಳ ನಡುವೆ ಕೂತು ಒಂದೊಂದೇ ಬೆರಳು ಮಡಿಸಿದ್ದರು, ಸೊಂಟದ ಎಲುಬಿನ ಚೂರು ತೆಗೆದು ಮೂಗಿಗೆ ಕೂಡಿಸಬಹುದು, ಮೈಯದ್ದೇ ಮೈಗೆ ಸೇರುತ್ತದೆ, ಆದರೆ ಎರಡು ಕಡೆ ಗಾಯ, ತಿಂಗಳು ಮಲಗಬೇಕು, ಇಲ್ಲ ಹಲ್ಲಿನ ಸೆಟ್ಟು ಮಾಡುವ ಪ್ಲಾಸ್ಟಿಕ್ಕು, ಇಲ್ಲ ದಂತ, ದಂತವಾದರೆ, ಗುಡಿಗಾರರೇ, ನನಗಿಂತ ನಿಮ್ಮ ಕೈ ಸೂಕ್ಷ್ಮ. ಆ ಮಾತು ಕೇಳಿದ್ದೇ ಸೈ, ಎದೆಯೊಳಗೆ ಏನೋ ಎದ್ದು ಕೂತಿತು, ನಲವತ್ತು ವರ್ಷ ಕೊರೆದದ್ದು ಎಷ್ಟು ಸರಸ್ವತಿ ಎಷ್ಟು ಲಕ್ಷ್ಮಿ, ಒಬ್ಬಳೂ ಉಸಿರಾಡಲಿಲ್ಲ, ಇದು ಉಸಿರಾಡುವ ಮೂಗು. ವಸಂತಿ ಕೇಳಿದಳು, ಯಾವುದು ಮಾಡಿಸೂದು, ನಂಗೆಂತ ಗೊತ್ತು ಮಾವ, ನೀವೇ ಹೇಳಿ — ಒಂಬತ್ತು ವರ್ಷದವಳು ಬಾವಿಕಟ್ಟೆ ಮೇಲೆ ಮುಖ ಅಡಿಯಾಗಿ ಬಿದ್ದು ಮೂಗು ಜಜ್ಜಿಕೊಂಡಾಗ ಎತ್ತಿಕೊಂಡು ಓಡಿದವನು ಇವನೇ, ತಾಯಿ ಇಲ್ಲದ ಸೊಸೆ, ಕಲಿಸುವ ಶಾಲೆಯಲ್ಲಿ ಮಕ್ಕಳು ಚಪ್ಪಟೆ ಅಕ್ಕೋರು ಅನ್ನುವುದನ್ನು ನಗುತ್ತಲೇ ಹೇಳಿ ಆಮೇಲೆ ಊಟ ಬಿಟ್ಟು ಎದ್ದವಳು — ಇವನು ಎಲುಬಿನ ಮಾತನ್ನು ಗಾಯದಿಂದ ಶುರು ಮಾಡಿ ಗಾಯದಲ್ಲೇ ಮುಗಿಸಿದ, ಮೈಯದ್ದೇ ಮೈಗೆ ಸೇರುತ್ತದೆ ಅನ್ನುವುದನ್ನು ನುಂಗಿಕೊಂಡ, ದಂತ ಅಂದ.

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಡಾಕ್ಟರು ಅವಳ ಮುಖ ಅಳೆದು ಮೇಣದಲ್ಲಿ ಅಚ್ಚು ಮಾಡಿಕೊಟ್ಟಿದ್ದರು, ಇದಕ್ಕಿಂತ ಕೂದಲೆಳೆಯೂ ಹೆಚ್ಚಾಗಬಾರದು, ತುದಿ ಮೊಂಡಾಗಿಯೇ ಇರಲಿ, ಇಲ್ಲದಿದ್ದರೆ ಒಳಗಿಂದ ಚರ್ಮವನ್ನು ಒತ್ತೀತು. ಮೊಂಡು! ದಂತ ಉಜ್ಜುವ ಅರವನ್ನು ಎಷ್ಟು ಸಲ ಅಲ್ಲಿಗೆ ಒಯ್ದ, ಎಷ್ಟು ಸಲ ಕೈ ತಾನಾಗಿಯೇ ಹಿಂದೆ ಬಂತು, ಮೊಂಡು ಮೂಗು ಈ ಕೈಯಿಂದ ಬಂದದ್ದೇ ಇಲ್ಲ, ಅಪ್ಪ ಬೆರಳ ಗಂಟಿಗೆ ಹೊಡೆದು ಕಲಿಸಿದ್ದು ಚೂಪು ತುದಿ, ಇಳಿಜಾರು, ಸಂಪಿಗೆ ಮೊಗ್ಗು, ಒಂದು ಅಕ್ಕಿಕಾಳಿನಷ್ಟು ಬಿಟ್ಟರೆ ಯಾರಿಗೆ ಎಂತ ನಷ್ಟ, ಚಂದವೇ ಆಗುತ್ತದಲ್ಲ, ಬಿಟ್ಟ. ಡಾಕ್ಟರು ಅಚ್ಚು ಎಲ್ಲಿ ಅಂದಾಗ ಬಾಯಿಗೆ ಬಂದದ್ದು, ಬಿಸಿಲಿಗೆ ಕರಗಿಹೋಯ್ತು ಡಾಕ್ಟರೇ. ಅವರು ನಕ್ಕರು, ಪರವಾಗಿಲ್ಲ, ನಿಮ್ಮ ಕಣ್ಣೇ ಅಳತೆ. ಮೊದಲ ತಿಂಗಳು ಊರೆಲ್ಲ ಹೊಗಳಿದ್ದೇನು, ಮಕ್ಕಳು ಮೂರ್ತಿ ಅಕ್ಕೋರು ಅಂತ ಹೊಸ ಹೆಸರಿಟ್ಟದ್ದೇನು, ಆಮೇಲೆ ಕೆಂಪು, ಆಮೇಲೆ ಬಿಳಿ ಚುಕ್ಕೆ, ಅಂಗಡಿಯಲ್ಲಿ ಕೂತರೂ ಚುಕ್ಕೆ, ಅನ್ನದ ಬಟ್ಟಲಲ್ಲೂ ಚುಕ್ಕೆ, ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಡಾಕ್ಟರೂ ಮೈಗೆ ಒಗ್ಗಲಿಲ್ಲ ಅಂತಲೇ ಕಾಗದ ಬರೆದಿದ್ದಾರೆ, ಅವಳು ಚಪ್ಪಟೆ ಮೂಗು ಹೊತ್ತು ಭಟ್ಕಳಕ್ಕೆ ಹಿಂದಿರುಗುತ್ತಾಳೆ, ತನ್ನ ಮೈಯನ್ನೇ ಬೈದುಕೊಂಡು, ಜೀವಮಾನ ಇಡೀ, ಮತ್ತೆ ಇವನ ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ — ಬೀಳುವುದಿಲ್ಲ — ಕೈ ಆಗಲೇ ಕೋಟಿನ ಕಿಸೆಯೊಳಗಿದೆ, ನಶ್ಯದ ಡಬ್ಬಿ, ಡಬ್ಬಿಯೊಳಗೆ ಬಟ್ಟೆ, ಬಟ್ಟೆಯೊಳಗೆ ಮೇಣ.

ವಸಂತಿ, ನಿನ್ನ ಮೈಯದ್ದು ಎಂತದೂ ತಪ್ಪಿಲ್ಲ, ಎಂದ. ಅಚ್ಚು ಕರಗಲಿಲ್ಲ. ಇಲ್ಲೇ ಉಂಟು. ನಾನೇ ಉದ್ದ ಬಿಟ್ಟೆ, ಡಾಕ್ಟರು ಬೇಡ ಅಂದರೂ ಬಿಟ್ಟೆ. ಎಲುಬು ಒಗ್ಗುತ್ತದೆ ಅಂತ ಅವರು ಮೊದಲೇ ಹೇಳಿದ್ದರು, ನಿಂಗೆ ಹೇಳಲಿಲ್ಲ. ಇವತ್ತು ಅದನ್ನೇ ಕೇಳು, ಮಾಡಿಸ್ಕೊ. ಬಂಗಾರಿ ಬಸಳೆಯ ತುದಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ವಸಂತಿ ಮೇಣದ ಚೂರನ್ನು ಅಂಗೈಯಲ್ಲಿಟ್ಟು ನೋಡಿದಳು, ಹೆಬ್ಬೆರಳಿಂದ ಅದರ ಮೊಂಡು ತುದಿಯನ್ನು ಮುಟ್ಟಿದಳು, ಇಷ್ಟೇ ಸಾಕಾಗಿತ್ತಾ ಮಾವ? ಸಾಕಾಗಿತ್ತು. ಮತ್ತೆಂತಕ್ಕೆ? ಚಂದ ಕಾಣ್ಲಿ ಅಂತ. ಯಾರಿಗೆ? — ಲಾಂಚು ಧಕ್ಕೆಗೆ ಬಡಿಯಿತು, ಜನ ಎದ್ದರು, ಕೋಳಿ, ಬುಟ್ಟಿ, ಕೊಡೆ, ಎಲ್ಲ ಒಮ್ಮೆಲೇ ಹಲಗೆಯ ಕಡೆಗೆ, ಲಿಂಗಪ್ಪ ಮೊದಲು ದಾಟಿ ತಿರುಗಿ ನಿಂತು ಕೈ ಚಾಚಿದ, ವಸಂತಿ ಆ ಕೈಯನ್ನು ನೋಡಿದಳು, ಬೆರಳುಗಳನ್ನು, ಬೆರಳ ತುದಿಯ ಜಡ್ಡನ್ನು, ನೋಡಿ, ಬಂಗಾರಿಯ ಹೆಗಲು ಹಿಡಿದು ಹಲಗೆ ದಾಟಿದಳು.