ಎರಡೂ ಎಡರೆಕ್ಕೆ

ಎರಡನೇ ರೆಕ್ಕೆಯನ್ನು ಮಗಳ ಬಲಭುಜಕ್ಕೆ ಹಿಡಿದದ್ದೇ ತಡ, ಬೈರಮ್ಮನಿಗೆ ತಪ್ಪು ಕಂಡುಬಿಟ್ಟಿತು. ರೆಕ್ಕೆಯ ತುದಿ ಹೊರಕ್ಕೆ ಚಾಚುವ ಬದಲು ಮಂಜುಶ್ರೀಯ ಮೂಗಿಗೇ ಚುಚ್ಚುತ್ತಿತ್ತು.

"ಅಮ್ಮಾ, ಎರಡೂ ಎಡಗಡೇದೇ ಹೊಲ್ದಿದೀಯ!"

ಅಯ್ಯೋ ಶಿವನೇ! ಇನ್ನೇನು ಹೊಲಿದಾಳು? ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ, ಅಂಗಿಗಳಿಗೆ ಎಡತೋಳು ಕೂರಿಸುವುದು. ಬಲತೋಳು ಪಕ್ಕದ ಮಿಷನ್ನಿನ ಶೈಲಜಾಳದು. ಒಂದು ಎಡ ಮುಗಿದರೆ ಕೈ ತಾನಾಗಿ ಇನ್ನೊಂದು ಎಡಕ್ಕೆ ಹೋಗುತ್ತದೆ. ತಲೆಯನ್ನು ಕೇಳುವವರು ಯಾರು!

ಮಂಜುಶ್ರೀ ಓದುವ ಹೆಬ್ಬಗೋಡಿಯ ಶಾಲೆಯಲ್ಲಿ ಅಂದು ವಾರ್ಷಿಕೋತ್ಸವ. ಶಶಿಕಲಾ ಮೇಡಂ ತಾವು ಚಿಕ್ಕಂದಿನಲ್ಲಿ ಹಾಳೆ ಉದುರುವಷ್ಟು ಓದಿದ್ದ ಮಕ್ಕಳ ಕಾದಂಬರಿಯೊಂದನ್ನು ನಾಟಕ ಮಾಡಿಸಿದ್ದರು. ಅದರಲ್ಲಿ ಮುಖ್ಯರಾದವರು ಮೂವರು: ದೀಪ ಹಿಡಿದು ಕಾಡು ಸುತ್ತುವ ಹುಡುಗ, ಬೆಟ್ಟ ಕಾಯುವ ಕಲ್ಲುದೈತ್ಯ, ದಾರಿ ತೋರಿಸುವ ಬೆಳ್ಳಿಹಕ್ಕಿ. ಹಕ್ಕಿಯ ಬಲರೆಕ್ಕೆಯನ್ನು ದೈತ್ಯ ಮುರಿಯುತ್ತಾನೆ, ಕೊನೆಗೆ ಅವನ ಕಣ್ಣೀರಿನಿಂದಲೇ ಅದು ಕೂಡಿಕೊಳ್ಳುತ್ತದೆ. ಆ ಹಕ್ಕಿ ಮಂಜುಶ್ರೀ. ಎರಡು ತಿಂಗಳಿಂದ ಮನೆಯಲ್ಲಿ ಹಕ್ಕಿಯ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಮೇಡಂ ವೇದಿಕೆ ಪಕ್ಕದ ಕೋಣೆಯೊಳಗೆ ಇಣುಕಿದರು. "ಬೈರಮ್ಮ, ಇಪ್ಪತ್ತೇ ನಿಮಿಷ ಇರೋದು ಕಣ್ರೀ. ರೆಡಿ ಆಗ್ಲಿಲ್ಲ ಅಂದ್ರೆ ಸ್ಫೂರ್ತಿನ ಕಳಿಸ್ತೀನಿ, ಬೇಜಾರ್ ಮಾಡ್ಕೋಬೇಡಿ."

ಮೂಲೆಯಲ್ಲಿ, ಹಕ್ಕಿಯ ಪಾತ್ರವನ್ನೇ ಕಲಿತಿದ್ದ ಸ್ಫೂರ್ತಿ ಬಾಡಿಗೆಗೆ ತಂದ ಹೊಳೆಯುವ ರೆಕ್ಕೆ ಕಟ್ಟಿಕೊಂಡು ತುಟಿಯಲ್ಲೇ ಮಾತು ಒಪ್ಪಿಸಿಕೊಳ್ಳುತ್ತಿದ್ದಳು. ಪಾಪ, ಅವಳದೇನು ತಪ್ಪು!

ಬೆಳ್ಳಿಬಟ್ಟೆ ಚೂರೂ ಮಿಕ್ಕಿರಲಿಲ್ಲ. ಉಳಿದದ್ದು ಒಂದೇ ದಾರಿ, ರೆಕ್ಕೆಯನ್ನು ಮಗುಚಿ ಹಾಕುವುದು.

"ಬೇಡಮ್ಮಾ! ಒಳಗಿನ ಹೊಲಿಗೆ, ಗಂಟು ಎಲ್ಲಾ ಕಾಣುತ್ತೆ. ಎಲ್ರೂ ನಗ್ತಾರೆ."

"ನಕ್ರೆ ನನ್ನ ನೋಡಿ ನಗ್ಲಿ. ಅಲ್ಲಾಡಬೇಡ, ನಿಂತ್ಕೋ."

ಬ್ಲೇಡಿನಿಂದ ರೆಕ್ಕೆಯ ಪಟ್ಟಿ ಬಿಚ್ಚಿದಳು. ಮಗುಚಿದ ರೆಕ್ಕೆಯನ್ನು ಅಂಗಿಯ ಭುಜಕ್ಕೆ ಹೊಲಿಯತೊಡಗಿದಳು. ಹೊರಗೆ ಗಣ್ಯರ ಭಾಷಣ ಮುಗಿದು ಚಪ್ಪಾಳೆ ಬಿತ್ತು. ಬೆರಳಿಗೆ ಸೂಜಿ ಎರಡು ಸಲ ಚುಚ್ಚಿತು. ಹಾಳಾದ ಕೈ, ಬಲಕ್ಕೆ ಬಂದರೆ ಕಲಿಯದವಳ ಹಾಗೆ ತಡವರಿಸುತ್ತಿತ್ತು. ಮೇಡಂ ಸ್ಫೂರ್ತಿಯ ಹೆಸರು ಕರೆಯುವಷ್ಟರಲ್ಲಿ ಬೈರಮ್ಮ ದಾರವನ್ನು ಹಲ್ಲಿನಿಂದ ಕಡಿದು ಮಗಳನ್ನು ವೇದಿಕೆಗೆ ನೂಕಿಯೇಬಿಟ್ಟಳು.

ನಾಟಕದ ಉದ್ದಕ್ಕೂ ಮಂಜುಶ್ರೀ ಬಲರೆಕ್ಕೆಯನ್ನು ಬೆನ್ನ ಹಿಂದೆಯೇ ಬಚ್ಚಿಟ್ಟುಕೊಂಡಿದ್ದಳು. ಮುರಿದ ರೆಕ್ಕೆ ಎಂದುಕೊಂಡು ಜನ ನೋಡಿದರು. ಆದರೆ ಕೊನೆಯಲ್ಲಿ ಎರಡನ್ನೂ ಬಿಚ್ಚಲೇಬೇಕಲ್ಲ! "ಮುರಿದದ್ದೇ ಗೊತ್ತಾಗದ ಹಾಗೆ ಕೂಡಿತು" ಎಂದು ಹಕ್ಕಿ ಹೇಳಬೇಕು. ಬೈರಮ್ಮ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು.

ದೈತ್ಯ ಅತ್ತ. ಹಕ್ಕಿ ರೆಕ್ಕೆ ಬಿಚ್ಚಿತು. ಒಂದು ಬೆಳ್ಳಿ, ಇನ್ನೊಂದು ಬಿಳಿ ಅಸ್ತರು, ಉದ್ದಕ್ಕೂ ಗಂಟುಗಂಟು ದಾರ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಂಜುಶ್ರೀಯ ಕಣ್ಣು ಬಾಗಿಲಲ್ಲಿ ಅಮ್ಮನನ್ನು ಹುಡುಕಿ ಅಲ್ಲೇ ನಿಂತಿತು.

"ನೋಡಿ, ಇಲ್ಲಿ ಮುರಿದಿತ್ತು," ಎಂದು ಹೊಲಿಗೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಹೊಲಿದಿದಾರೆ. ನಾನು ಇದ್ರಲ್ಲೇ ಹಾರ್ತೀನಿ."

ಬೈರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗಳಗಳನೆ ಅತ್ತಳು.