ರಸ್ತೆ ಕೇಳಿದರೂ ನೀರು

“ರಸ್ತಾ ಕೇಳಿದರ ನೀರು, ಸಾಲಿ ಕೇಳಿದರ ನೀರು, ದವಾಖಾನಿ ಕೇಳಿದರೂ ನೀರು. ನಿಮ್ಮ ಕೇರಿ ಮಂದಿ ತಲ್ಯಾಗ ಮೆದಳ ಐತೋ ಶೆಗಣಿ ಐತೋ?”

ಬೈಲಹೊಂಗಲದ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಸಮೀಕ್ಷೆ ಕಚೇರಿಯೊಳಗೆ ತ್ರ್ಯಂಬಕ ಹೀಗೆ ಕೂಗಾಡುತ್ತಿದ್ದರೆ, ಕಂಪ್ಯೂಟರಿನ ಮುಂದೆ ಕೂತ ಸಂಘಮಿತ್ರಾ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಸಾಹೇಬನ ಬೈಗುಳ ಅವಳಿಗೇನು ಹೊಸದೇ? ನಗು ಬಂದದ್ದು ತೆರೆಯ ಮೇಲಿದ್ದ ಉತ್ತರಗಳಿಗೆ. ಅವುಗಳಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಹುಟ್ಟಿದ ಕೇರಿಯ ಹೆಂಗಸರ ಬಾಯಿ ಗುರುತು ಸಿಗದಷ್ಟು ಅವಳೇನೂ ಪೇಟೆಯವಳಾಗಿರಲಿಲ್ಲ.

ಸಮೀಕ್ಷೆ ನಡೆದದ್ದು ಮುರಗೋಡದ ಕಡೆಗಿರುವ ಅವಳದೇ ಊರಿನಲ್ಲಿ. ಕೇರಿಗೆ ಬೇರೆ ಪೈಪ್‌ಲೈನ್ ಬೇಕೋ ಬೇಡವೋ ಎಂಬುದು ಈ ಉತ್ತರಗಳ ಮೇಲೆಯೇ ತೀರ್ಮಾನವಾಗಬೇಕಿತ್ತು. ಜನ ತಮ್ಮ ಮಾತಿನಲ್ಲಿ ಹೇಳಿದ್ದನ್ನೆಲ್ಲ ಓದಿ, ವಿಂಗಡಿಸಿ, ತಲೆಬರಹ ಕೊಡುವುದು ಸಂಘಮಿತ್ರಾಳ ಕೆಲಸ. ನೀರು ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ಇಡೀ ಕೇರಿಯದು ಒಂದೇ ಉತ್ತರ: “ಚಲೋ ಐತ್ರಿ.” ಉಳಿದ ಪ್ರಶ್ನೆಗಳಲ್ಲಿ ಮಾತ್ರ ಹಬ್ಬವೋ ಹಬ್ಬ.

ರಸ್ತೆಯ ಪ್ರಶ್ನೆಗೆ ಒಬ್ಬಳು, “ದಿನಾ ಕೊಡ ಹೊತಗೊಂಡ ಅಡ್ಡಾಡತೇವ್ರಿ, ಒಂದೊಂದ ಕಲ್ಲೂ ಗುರತ ಐತಿ” ಅಂದಿದ್ದಳು. ಶಾಲೆಯ ಬಗ್ಗೆ ಕೇಳಿದರೆ, ನಳ ಬಂತು ಅಂದಕೂಡಲೇ ಮಕ್ಕಳು ಅರ್ಧ ದಾರಿಯಿಂದ ತಿರುಗಿ ಬರುತ್ತವೆ ಅಂತ ಇನ್ನೊಬ್ಬಳು. ರೇಷನ್ ಅಕ್ಕಿ ಚೆನ್ನಾಗಿದೆ, ಅದನ್ನು ಯಾತರಲ್ಲಿ ಕುದಿಸಲಿ ಅಂತ ಮತ್ತೊಬ್ಬಳು. ದವಾಖಾನೆಯ ಕೆಳಗಿನದಂತೂ ರಾಚವ್ವನದೇ, ಬೇರೆ ಯಾರದೂ ಆಗಿರಲು ಸಾಧ್ಯವಿಲ್ಲ: “ಡಾಕ್ಟರ ಭಾಳ ನೀರ ಕುಡಿ ಅಂದಾರ. ಗೌಡರ ಎಮ್ಮಿ ಕುಡದ ಉಳದರ ಕುಡಿತೇನಿ.”

ನೀರಿನ ಪ್ರಶ್ನೆಯಲ್ಲಿ ಬಂದ ನೀರಷ್ಟೇ ನೀರು, ಉಳಿದ ಕಡೆ ಬಂದದ್ದನ್ನೆಲ್ಲ ‘ಅಸಂಬದ್ಧ’ ಎಂಬ ತಲೆಬರಹಕ್ಕೆ ಹಾಕು ಎಂದು ತ್ರ್ಯಂಬಕ ಅಪ್ಪಣೆ ಮಾಡಿದ. ಪಂಚಾಯ್ತಿ ಅಧ್ಯಕ್ಷ ಜಟ್ಟೆಪ್ಪ ಗೌಡ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಕೇರಿಗೆ ಬೇರೆ ಪೈಪು ಬಂದರೆ ಅವನ ತೋಟದ ತೊಟ್ಟಿ ಮೊದಲು ತುಂಬುವುದು ಹೇಗೆ?

ಸಂಜೆ ಮನೆಗೆ ಬಂದ ಸಂಘಮಿತ್ರಾ, ನೀರಿನ ಪ್ರಶ್ನೆಗೆ ಮಾತ್ರ ಎಲ್ಲರೂ ಚಲೋ ಐತಿ ಅಂದದ್ದು ಯಾಕೆ ಎಂದು ಅವ್ವನನ್ನು ಕೇಳಿದಳು. ಕಳೆ ಕಿತ್ತು ಬಂದು ಕೈಕಾಲಿಗೆ ಮಣ್ಣು ಮೆತ್ತಿಕೊಂಡಿದ್ದ ಕೃಷ್ಣವ್ವ ನಗುತ್ತ ನಗುತ್ತ ಗೋಡೆಗೆ ಒರಗಿದಳು. ಹೋದ ಯುಗಾದಿಗೆ ರಾಚವ್ವ ನೀರಿನ ತಕರಾರು ಹೇಳಿದ್ದಳು. ಹಬ್ಬ ಮುಗಿಯುವವರೆಗೆ ಗೌಡ ಕೇರಿಗೆ ಹನಿ ನೀರು ಬಿಡಿಸಿರಲಿಲ್ಲ.

“ಸರ್ವೇದವರ ಮಗ್ಗಲದಾಗ ಆ ನೀರ ಬಿಡೂ ಹಣಮಂತಪ್ಪ, ವಾಲ್ ತಿರುವೂ ಚಾವಿ ಹೆಗಲ ಮ್ಯಾಲ ಇಟಗೊಂಡ ನಿಂತಿದ್ದನವಾ. ಚಲೋ ಐತಿ ಅನಲಾರದ ಏನ ಅನ್ನೂದು? ಆ ಪ್ರಶ್ನಿ ಮುಗದ ಕೂಡಲೆ ಭಾಡ್ಯಾ ಬೀಡಿ ಹಚ್ಚಾಕ ಹೊರಗ ಹೋಗತಿದ್ದ. ಅಂವ ಸೇದಿ ಬರೂದರಾಗ ಎಲ್ಲಾ ಹೊಯ್ದೀವಿ ನೋಡ.”

ಸಂಘಮಿತ್ರಾಳಿಗೆ ಖುಷಿ ತಡೆಯಲಾಗಲಿಲ್ಲ. ಅವ್ವನನ್ನು ಮಣ್ಣಿನ ಸಮೇತ ತಬ್ಬಿಕೊಂಡಳು. ಮರುದಿನ ಕಚೇರಿಯಲ್ಲಿ ಪ್ರಶ್ನೆಗೊಂದರಂತೆ ಓದುವುದನ್ನು ಬಿಟ್ಟು, ಒಬ್ಬೊಬ್ಬಳ ಉತ್ತರವನ್ನೂ ಮೊದಲಿನಿಂದ ಕಡೆಯವರೆಗೆ ಓದಿದಳು. ಎಲ್ಲ ಪ್ರಶ್ನೆಗಳೊಳಗಿಂದ ಹೆಕ್ಕಿ ತೆಗೆದ ಮಾತುಗಳಿಗೆ ಒಂದೇ ತಲೆಬರಹ ಕೊಟ್ಟಳು: ನೀರು. ತ್ರ್ಯಂಬಕ ಹೇಳಿದಂತೆ ಬೇರೆ ವರದಿಯನ್ನೂ ಮಾಡಿಟ್ಟಳು, ಅವನ ಸಮಾಧಾನಕ್ಕೆ.

ಗ್ರಾಮಸಭೆಯ ದಿನ ಕೇರಿಯ ಹೆಂಗಸರನ್ನು ಹಿಂದೆ, ಚಪ್ಪಲಿ ಬಿಟ್ಟ ಕಡೆ ಕೂಡಿಸಿದರು. ಹಣಮಂತಪ್ಪನೂ ಅಲ್ಲೇ ಚಾವಿ ಗೋಡೆಗೆ ಆನಿಸಿ ನಿಂತಿದ್ದ. ಅವನೂ ಗೌಡನ ಆಳೇ ತಾನೇ, ಮುಂದೆ ಕುರ್ಚಿ ಯಾರು ಕೊಡಬೇಕು? ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಸಿರು ಬಣ್ಣದ ದೊಡ್ಡ ಚಕ್ರ ತೋರಿಸಿ, ಕೇರಿಯ ಪ್ರತಿಯೊಬ್ಬರಿಗೂ ನೀರಿನ ಬಗ್ಗೆ ಸಮಾಧಾನವಿದೆ ಎಂದು ತ್ರ್ಯಂಬಕ ಓದಿದ. ತಾಲೂಕಿನಿಂದ ಬಂದಿದ್ದ ಅಧಿಕಾರಿ ಗೌತಮಿ ಹಿಂದಕ್ಕೆ ನೋಡಿ, ನಿಜವೇನ್ರಿ ಎಂದು ಕೇಳಿದರು.

“ಚಲೋ ಐತ್ರಿ” ಅಂದವು ಅಷ್ಟೂ ಬಾಯಿ.

ಪ್ರೊಜೆಕ್ಟರಿನ ಪಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದವಳು ಸಂಘಮಿತ್ರಾ. ತನ್ನ ವರದಿ ತೆರೆಯಲು ಗುಂಡಿ ಒತ್ತಿದಳು. ಹಸಿರು ಚಕ್ರ ಹೋಗಿ ಕೇರಿಯ ಮಾತುಗಳು ಗೋಡೆಯೇರಿದವು. ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಎಮ್ಮೆಯ ಮಾತು ಬಂದಾಗ ಗೌಡನ ಓಣಿಯವರೇ ಮೊದಲು ನಕ್ಕರು.

ಗೌಡ ಎದ್ದು ನಿಂತ. “ಯಾವ ರಂಡಿ ಹೇಳಿದ್ದದು? ಹೆಸರ ಹೇಳಲೇ.”

ಹೆಸರು ಬರೆದುಕೊಂಡಿಲ್ಲ ಎಂದು ಸಂಘಮಿತ್ರಾ ಹೇಳುವಷ್ಟರಲ್ಲಿ ಚಪ್ಪಲಿಗಳ ನಡುವಿನಿಂದ ರಾಚವ್ವ ಸೆರಗು ಕೊಡವಿ ಎದ್ದಳು.

“ಎಮ್ಮೀದು ನಂದ್ರಿ.”

ಅಕ್ಕಿಯದು ನನ್ನದು ಅಂತ ಇನ್ನೊಬ್ಬಳು ಎದ್ದಳು. ರಸ್ತೆಯ ಮಾತಿಗೆ ಮೂವರು ಒಟ್ಟಿಗೇ ಎದ್ದು, ಅದು ನಂದು, ನಿಂದಲ್ಲ ಅಂತ ಅಲ್ಲೇ ಜಗಳ ಶುರುಮಾಡಿದರು. ಸಭೆ ಬಿದ್ದುಬಿದ್ದು ನಕ್ಕಿತು. ತ್ರ್ಯಂಬಕ ತಂತಿ ಕೀಳಲು ಓಡಿಬಂದ. ಗೌತಮಿ ಮೇಡಂ ಇರಲಿ ಬಿಡ್ರಿ ಅಂದರು.

“ಹಣಮಂತಾ, ನಾಳಿಂದ ಕೇರಿ ವಾಲ್ ಮುಟ್ಟಿದರ ಕೈ ಕಡಿತೇನಿ” ಎಂದ ಗೌಡ.

ಹಣಮಂತಪ್ಪ ಗೋಡೆಯ ಕಡೆ ಕೈ ಚಾಚಿದ. ಅಲ್ಲಿ ಚಾವಿ ಇರಲಿಲ್ಲ. ನಗುವಿನ ಗದ್ದಲದಲ್ಲಿ ಅದನ್ನು ಎಳೆದುಕೊಂಡ ಕೃಷ್ಣವ್ವ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ಹೆಂಗಸರು ಜಗಳ ಬಿಟ್ಟು ಬಂದು ಅವಳ ಸುತ್ತ ಒತ್ತಾಗಿ ಕೂತರು. ಹಣಮಂತಪ್ಪ, ಕೊಡಬೇ ಯಕ್ಕಾ, ಅಂತ ಗೋಗರೆದ. ಕೃಷ್ಣವ್ವ ಅವನ ಕಡೆ ತಿರುಗಿಯೂ ನೋಡದೆ ಗೌತಮಿ ಮೇಡಂಗೆ ಅಂದಳು:

“ಬಾಯಾರ, ಆ ನೀರಿನ ಪ್ರಶ್ನಿ ಐತೆಲ್ರಿ, ಅದನ್ನ ಇನ್ನೊಮ್ಮಿ ಕೇಳ್ರಿ. ಈಗ ಹೇಳತೇವಿ.”